ಹಳದಿ ಕಾಣದ ಗಾಜು

ನಾನು ಒಂದು ಚಿತ್ರಪಟ. ಮಾರಾಟಕ್ಕೆ ಬಾರದೆ ಉಳಿದುಹೋದ ಚಿತ್ರಪಟ ಅನ್ನಿ, ಇನ್ನೂ ಸರಿಹೋಗುತ್ತದೆ. ನನ್ನ ಜೊತೆ ಹುಟ್ಟಿದವೆಲ್ಲ ಹಡಗು ಹತ್ತಿ ಲಂಡನ್ನು, ಪ್ಯಾರಿಸ್ಸು ಅಂತ ಹೋಗಿ ಅರಗಿನ ಮೆರುಗು ಕೊಟ್ಟ ರಟ್ಟಿನ ಆಲ್ಬಮ್ಮುಗಳಲ್ಲಿ ಕೂತವು. ನಾನು ಹುಟ್ಟಿದೂರು ಬಿಟ್ಟು ದೂರ ಹೋದದ್ದು ಒಂದೇ ಒಂದು ಸಲ. ಅದೂ ಒಬ್ಬ ಹೆಂಗಸಿನ ಉಡುಪಿನ ಎದೆಯ ಮಡಿಕೆಯೊಳಗೆ, ಕಾಲುನಡಿಗೆಯಲ್ಲಿ.

ನನ್ನ ಊರು ಜಪಾನಿನ ಯೊಕೊಹಾಮಾ ಬಂದರು. ಅಲ್ಲಿ ಹಸೆಬೆ ಎಂಬ ಫೋಟೊಗ್ರಾಫರನ ಮನೆಯ ಬಿಸಿಲುಮಚ್ಚಿನ ಮೇಲೆ ನಾನು ಹುಟ್ಟಿದೆ. ಯಂತ್ರವೇ ಬಣ್ಣದ ಚಿತ್ರ ತೆಗೆಯುವ ಕಾಲ ಆಗಿನ್ನೂ ಬಂದಿರಲಿಲ್ಲ. ಕಾಗದಕ್ಕೆ ಕೋಳಿಮೊಟ್ಟೆಯ ಬಿಳಿ ಲೋಳೆ ಬಳಿದು ಒಣಗಿಸುತ್ತಿದ್ದರು. ಒಣಗಿದ ಮೇಲೆ ಬೆಳ್ಳಿ ಕರಗಿಸಿದ ನೀರು ಕುಡಿಸಿ, ಕ್ಯಾಮೆರಾದೊಳಗೆ ಕೂತು ಚಿತ್ರ ಹಿಡಿದುಕೊಂಡು ಬಂದ ಗಾಜಿನ ಫಲಕವನ್ನು ಮೇಲಿಟ್ಟು ಬಿಸಿಲಿಗೆ ಹಿಡಿಯುತ್ತಿದ್ದರು. ಬಿಸಿಲು ಗಾಜನ್ನು ದಾಟಿ ಬಂದು ನನ್ನ ಮೈಮೇಲೆ ಕಂದು ಬಣ್ಣವಾಗಿ ಕೂತಿತು. ಹಾಗಾಗಿ ನನಗೆ ತಾಯಿ ಅಂದರೆ ಆ ಗಾಜು. ಅವಳು ಕಂಡದ್ದೇ ನಾನು ಕಂಡದ್ದು.

ಅವಳು ಕಂಡಿದ್ದು ಬೆಟ್ಟಗಳಾಚೆ, ಸುವಾ ಸರೋವರದ ದಡದಲ್ಲಿದ್ದ ಒಂದು ರೇಷ್ಮೆ ಕಾರ್ಖಾನೆಯನ್ನು. ಉದ್ದನೆಯ ಕೋಣೆ. ಸಾಲಾಗಿ ಬಿಸಿನೀರಿನ ಬೋಗುಣಿಗಳು, ನೀರಿನಲ್ಲಿ ತೇಲುವ ಗೂಡುಗಳು, ಹಿಂದೆ ನೂಲು ಸುತ್ತುವ ರಾಟೆಗಳು. ಬೋಗುಣಿಗೊಬ್ಬಳಂತೆ ಹುಡುಗಿಯರು. ಎಲ್ಲರೂ ತಿಳಿ ಬಣ್ಣದ ಕಿಮೊನೊ ಉಟ್ಟ ಹಾಗೆ ಕಾಣುತ್ತಾರೆ. ಹಿಂದಿನ ಸಾಲಿನ ಕೊನೆಗೆ, ಕಿಟಕಿಯ ಪಕ್ಕ ನಿಂತ ಒಬ್ಬಳದು ಮಾತ್ರ ಕಪ್ಪು. ಉಳಿದವರ ಮುಖ ಅಕ್ಕಿಕಾಳಿನಷ್ಟೇ ಇದ್ದರೂ ಕಣ್ಣು ಮೂಗು ತಿಳಿಯುತ್ತವೆ. ಇವಳ ಮುಖವಿರಬೇಕಾದ ಕಡೆ ಬರೀ ಹೊಗೆ. ಅಲುಗಬೇಡಿ ಎಂದು ಫೋಟೊಗ್ರಾಫರ ಕೂಗಿದ ಹೊತ್ತಿನಲ್ಲೇ ಇವಳು ಅಲುಗಿದ್ದಳು.

ಇಲ್ಲೊಂದು ಮಾತು ಮೊದಲೇ ಹೇಳಿಬಿಡಬೇಕು. ನನ್ನ ತಾಯಿಗೆ ಒಂದು ಕುರುಡಿತ್ತು. ಆ ಕಾಲದ ಗಾಜುಗಳಿಗೆಲ್ಲ ಇದ್ದದ್ದೇ. ಒಗೆದು ಒಗೆದು ಮಾಸಿದ ನೀಲಿ ಬಟ್ಟೆ ಅವಳಿಗೆ ಬೆಳ್ಳಗೆ ಕಾಣುತ್ತಿತ್ತು. ಹಳದಿ ಎಷ್ಟೇ ಹೊಳೆಯುತ್ತಿರಲಿ, ಕಪ್ಪಗೆ ಕಾಣುತ್ತಿತ್ತು. ಫೋಟೊ ತೆಗೆಯುವವರಿಗೆ ಇದು ಗೊತ್ತು. ಕೆಳಗಿನ ಕೋಣೆಯಲ್ಲಿ ಕೂತು ಬಣ್ಣ ಹಚ್ಚುವ ಹೆಂಗಸರಿಗೆ ಯಾರೂ ಹೇಳಿರಲಿಲ್ಲ. ಅವರು ಕಾಗದ ನೋಡಿದವರು. ಕಾಗದದಲ್ಲಿದ್ದ ಮನುಷ್ಯರನ್ನು ಒಮ್ಮೆಯೂ ನೋಡಿದವರಲ್ಲ.

ನನ್ನನ್ನು ತೊಳೆದು ಒಣಹಾಕುವಾಗ ಬಲಮೂಲೆಯಲ್ಲಿ ಒಂದು ಮಡಿಕೆ ಬಿತ್ತು. ಹಸೆಬೆ ಎತ್ತಿ ನೋಡಿ, "ಹೋಯ್ತು" ಅಂದು ಬುಟ್ಟಿಗೆಸೆದ. ಬಣ್ಣದ ಕೋಣೆಯಲ್ಲಿ ಯಾವುದನ್ನೂ ಎಸೆಯುವ ಪದ್ಧತಿ ಇಲ್ಲ. ಕುಂಚಕ್ಕೆ ಬಣ್ಣ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಒಮ್ಮೆ ಒರೆಸಿ ನೋಡಲು ಒಂದು ಕೆಟ್ಟ ಕಾಗದ ಬೇಕೇಬೇಕು. ಹಾಗೆ ನಾನು ರಿಯೊಳ ಮೇಜಿನ ಮೇಲೆ, ಅವಳ ನೀರಿನ ಬಟ್ಟಲಿನ ಅಡಿಗೆ ಬಂದು ಬಿದ್ದೆ. ಅಲ್ಲಿಂದ ನಾನು ಅವಳ ಗಲ್ಲವನ್ನೂ ಮೂಗಿನ ಹೊಳ್ಳೆಗಳನ್ನೂ ಕೆಳಗಿನಿಂದ ನೋಡುತ್ತಾ ಬದುಕಿದೆ.

ಆ ಕೋಣೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಒಬ್ಬಳು ಆಕಾಶ ಹಚ್ಚುತ್ತಿದ್ದಳು, ಒಬ್ಬಳು ಎಲೆ. ಗಿನ್ ಎಂಬ ಹಿರಿಯಳಿಗೆ ಕೆನ್ನೆ ಮತ್ತು ತುಟಿ.

"ದೇವರು ಕೊಟ್ಟಿದ್ದಕ್ಕಿಂತ ಹೆಚ್ಚು ಆರೋಗ್ಯ ನಾನು ಕೊಟ್ಟಿದೀನಿ ಕಣ್ರೇ ಜನಕ್ಕೆ," ಎಂದು ಅವಳು ಕುಂಚದ ತುದಿ ನೆಕ್ಕಿಕೊಂಡು ನಗುತ್ತಿದ್ದಳು.

ರಿಯೊಳಿಗೆ ಬಟ್ಟೆಗಳ ಕೆಲಸ. ಅವಳು ಕೋಶು ಸೀಮೆಯ ಬೆಟ್ಟದೂರಿನವಳು, ಗಂಡ ಸತ್ತವಳು. ಚಿಕ್ಕಂದಿನಿಂದ ರೇಷ್ಮೆಹುಳು ಸಾಕಿದ ಕೈ. ಈಗಷ್ಟೇ ಮೊಟ್ಟೆಯೊಡೆದ, ಕೂದಲಿನ ಚೂರಿನಂಥ ಮರಿಗಳನ್ನು ಗರಿಯಿಂದ ಎತ್ತಿಡುವ ಕೈ ನಡುಗಬಾರದು. ಆ ಕೈ ನೋಡಿಯೇ ಹಸೆಬೆ ಅವಳಿಗೆ ಕೆಲಸ ಕೊಟ್ಟಿದ್ದ. ಅವಳು ಬಂದದ್ದು ಮಾತ್ರ ಕೆಲಸಕ್ಕಾಗಿ ಅಲ್ಲ. ಅವಳು ಮಗಳನ್ನು ಹುಡುಕಿಕೊಂಡು ಬಂದಿದ್ದಳು.

ಮಗಳ ಹೆಸರು ಮಿತ್ಸು. ಊರಿಗೆ ಬಂದ ಒಬ್ಬ ಮೇಸ್ತ್ರಿ ಹುಡುಗಿಯರ ಗುಂಪಿನ ಜೊತೆ ಅವಳನ್ನೂ ನೂಲಿನ ಕಾರ್ಖಾನೆಗೆ ಕರೆದುಕೊಂಡು ಹೋಗಿದ್ದ. ಮರುವರ್ಷ ರಿಯೊ ನೋಡಲು ಹೋದರೆ ಮಗಳು ಅಲ್ಲಿರಲಿಲ್ಲ. ಇನ್ನೊಂದು ಕಾರ್ಖಾನೆಯ ಜನ ಹುಡುಗಿಯರಿಗೆ ಆಸೆ ತೋರಿಸಿ ಕರೆದೊಯ್ದರಂತೆ. ಯಾವ ಕಾರ್ಖಾನೆ? ಯಾರೂ ಬಾಯಿ ಬಿಡಲಿಲ್ಲ. ಹುಡುಗಿಯರನ್ನು ಕಳೆದುಕೊಂಡವರು ಸಿಟ್ಟಿನಲ್ಲಿದ್ದರು, ಕರೆದೊಯ್ದವರು ಹೇಳುವಂತಿರಲಿಲ್ಲ. ಆಗ ರಿಯೊ ಮನೆಯ ಬಾಗಿಲು ಎಳೆದುಕೊಂಡು ಯೊಕೊಹಾಮಾಕ್ಕೆ ನಡೆದಳು. ದೇಶದ ರೇಷ್ಮೆಯೆಲ್ಲ ಕೊನೆಗೆ ಬಂದು ಸೇರುವುದು ಈ ಬಂದರಿಗೇ ತಾನೆ, ನೂಲಿನ ಹಿಂದೆ ಸುದ್ದಿಯೂ ಬಂದೇ ಬರುತ್ತದೆ ಎಂದು ಅವಳ ಲೆಕ್ಕ. ರೇಷ್ಮೆಯ ಮೂಟೆ ಇಳಿಸುವವರನ್ನು ಕೇಳಿದಳು, ಗೋದಾಮಿನವರನ್ನು ಕೇಳಿದಳು. ನೂಲು ಬಂತು, ಸುದ್ದಿ ಬರಲಿಲ್ಲ.

"ಗುರುತು ಏನೇ ಹೇಳ್ತೀಯ ಕೇಳ್ದೋರಿಗೆ?" ಎಂದು ಗಿನ್ ಒಮ್ಮೆ ಕೇಳಿದಳು.

"ಹಳದಿ ಕಿಮೊನೊ ಅಕ್ಕ. ನಾನೇ ನೇಯ್ದಿದ್ದು."

ಎರಡು ಹುಳುಗಳು ಸೇರಿ ಒಂದೇ ಗೂಡು ಕಟ್ಟಿಬಿಟ್ಟರೆ ಅದರ ನೂಲು ಸಿಕ್ಕುಸಿಕ್ಕು. ಅಂಥ ಜೋಡಿಗೂಡನ್ನು ವ್ಯಾಪಾರಿ ಮುಟ್ಟುವುದಿಲ್ಲ, ಅದು ಸಾಕಿದವರ ಪಾಲಿಗೆ ಉಳಿಯುತ್ತದೆ. ಊರಿಗೆಲ್ಲ ರೇಷ್ಮೆ ಬೆಳೆದರೂ ಅವರ ಮೈಗೆ ಬರುವುದು ಅದೊಂದೇ ರೇಷ್ಮೆ. ರಿಯೊ ಅಂಥ ಗೂಡುಗಳನ್ನು ಕೂಡಿಟ್ಟು ಗಂಟುಗಂಟಾದ ನೂಲು ತೆಗೆದು, ಬೆಟ್ಟದ ಹುಲ್ಲು ಕುದಿಸಿ ಹಳದಿ ಹಾಕಿ, ಮಗಳಿಗೆ ಒಂದು ಕಿಮೊನೊ ಹೊಲಿದಿದ್ದಳು. ಉಳಿದ ತುಂಡನ್ನು ತನ್ನ ಉಡುಪಿನ ಕೊರಳಪಟ್ಟಿಗೆ ಹೊಲಿದುಕೊಂಡಿದ್ದಳು.

"ಕಾರ್ಖಾನೆ ಹುಡುಗೀರೆಲ್ಲ ನೀಲಿ ಉಡ್ತಾರೆ ಅಕ್ಕ. ಅಷ್ಟು ನೀಲಿ ನಡುವೆ ಒಂದು ಹಳದಿ ಇದ್ರೆ ಬೆಟ್ಟದ ಮೇಲಿಂದ್ಲೂ ಕಾಣುತ್ತೆ. ಅದಕ್ಕೇ ಹಾಗೆ ಮಾಡ್ದೆ."

ನನ್ನ ಜೊತೆಯ ಪ್ರತಿಗಳು ಕೋಣೆಗೆ ಬಂದ ದಿನ ರಿಯೊ ಕುಂಚ ಕೆಳಗಿಟ್ಟಳು. ಕಾರ್ಖಾನೆಯ ಚಿತ್ರ ಬಂದದ್ದು ಅದೇ ಮೊದಲು. ಭೂತಗನ್ನಡಿ ಇಸಿದುಕೊಂಡು, ಚಿತ್ರವನ್ನು ಬೆಳಕಿಗೆ ಹಿಡಿದು, ಒಬ್ಬೊಬ್ಬ ಹುಡುಗಿಯನ್ನೂ ನೋಡತೊಡಗಿದಳು.

"ಹಳದಿ ಅಂದ್ರೆ ತಿಳಿ ಬಣ್ಣ ಅಲ್ವಾ ಅಕ್ಕ, ಚಿತ್ರದಲ್ಲೂ ತಿಳಿಯಾಗೇ ಬಿದ್ದಿರುತ್ತೆ. ಬೆಳ್ಳಗಿರೋರನ್ನೇ ನೋಡ್ತಾ ಇದೀನಿ."

"ಎಲ್ರೂ ಬೆಳ್ಳಗಿದಾರಲ್ಲೇ."

"ಇವಳ ಭುಜ ಅಗಲ... ಇವಳದು ನಮ್ಮ ಮಿತ್ಸು ಮೂಗಲ್ಲ... ಇವಳು ನೋಡು, ನಗ್ತಿದಾಳೆ, ನನ್ನ ಮಗಳು ಫೋಟೊದೋನ ಮುಂದೆ ನಗೋಳಲ್ಲ, ಹೆದರ್ತಾಳೆ."

ಅವಳ ಕಣ್ಣು ಮುಂದಿನ ಸಾಲು ಮುಗಿಸಿ ಹಿಂದಿನ ಸಾಲಿಗೆ ಬಂತು. ಕಿಟಕಿಯ ಪಕ್ಕದ ಕಪ್ಪು ಉಡುಪಿನವಳ ಮೇಲೆ ಒಂದು ಗಳಿಗೆ ನಿಂತಿತು. ನಾನು ಕಾಗದ. ಕಾಗದಕ್ಕೆ ಉಸಿರಿಲ್ಲ. ಇದ್ದಿದ್ದರೆ ಆಗ ಬಿಗಿಹಿಡಿಯುತ್ತಿದ್ದೆ.

"ಪಾಪ, ಯಾರ ಮನೆ ಕೂಸೋ," ಎಂದಳು ರಿಯೊ. "ಇಷ್ಟು ಚಿಕ್ಕೋಳಿಗೆ ಯಾರಾದ್ರೂ ಕಪ್ಪು ಉಡಿಸಿ ಕಳಿಸ್ತಾರಾ? ತಾಯಿ ಇಲ್ದೋಳಿರ್ಬೇಕು."

"ಕಪ್ಪಾದ್ರೆ ನಮಗೇ ಒಳ್ಳೇದು ಬಿಡು. ಕಪ್ಪಿನ ಮೇಲೆ ಯಾವ ಬಣ್ಣ ಹಿಡಿಯುತ್ತೆ? ಒಂದು ಕಿಮೊನೊ ಕೆಲಸ ಉಳೀತು," ಎಂದಳು ಗಿನ್.

ರಿಯೊ ಕನ್ನಡಿ ವಾಪಸು ಕೊಟ್ಟಳು. "ಇಲ್ಲ ಅಕ್ಕ. ಇಲ್ಲಿಲ್ಲ."

"ಇಲ್ದಿದ್ರೆ ಒಳ್ಳೇದಾಯ್ತು ಅಂದ್ಕೋ. ಆ ಹಬೆ, ಆ ಹುಳುವಿನ ನಾತ... ಅದ್ರೊಳಗಿಲ್ಲ ಅಂತಾದ್ರೂ ಆಯ್ತಲ್ಲ."

ಆಮೇಲೆ ಕೆಲಸ ಶುರುವಾಯಿತು. ಹಸೆಬೆ ಒಂದು ಮಾದರಿ ಹಚ್ಚಿ ಕೊಟ್ಟಿದ್ದ. ಮುಂದಿನ ಸಾಲು ಗುಲಾಬಿ, ನಡುವಿನದು ಆಕಾಶನೀಲಿ, ಹಿಂದಿನದು ತಿಳಿನೇರಳೆ. ಕೊಳ್ಳುವ ಪರದೇಶದವರಿಗೆ ಹಬ್ಬದ ಹಾಗೆ ಕಾಣಬೇಕು, ಅಷ್ಟೆ. ಆ ಚಿತ್ರಕ್ಕೆ ಬೇಡಿಕೆ ಬಂತು; ಮೇಲಿಂದ ಮೇಲೆ ಅಚ್ಚಾಯಿತು. ಪ್ರತಿಯೊಂದರಲ್ಲೂ ರಿಯೊಳ ಕುಂಚ ಒಂದೊಂದೇ ಹುಡುಗಿಗೆ ಬಟ್ಟೆ ಉಡಿಸುತ್ತಾ ಬಂದು, ಕಿಟಕಿಯ ಹತ್ತಿರ ಎತ್ತಿಕೊಂಡು, ಮುಂದಿನ ಹಾಳೆಗೆ ಹೋಗುತ್ತಿತ್ತು. ಹಾಗೆ ಎತ್ತಿಕೊಂಡ ಕುಂಚವನ್ನು ಅವಳು ಒರೆಸುತ್ತಿದ್ದದ್ದು ನನ್ನ ಅಂಚಿಗೆ. ಒಂದು ವರ್ಷ ಕಳೆಯಿತು, ಇನ್ನೊಂದು ಬಂತು. ನನ್ನ ನಾಲ್ಕೂ ಬದಿ ಗುಲಾಬಿ, ನೀಲಿ, ನೇರಳೆ ಕಲೆಗಳಿಂದ ತುಂಬಿಹೋಯಿತು.

ರಿಯೊ ಗೋದಾಮುಗಳಿಗೆ ಹೋಗಿ ಕೇಳುವುದನ್ನು ಬಿಟ್ಟಿರಲಿಲ್ಲ. ಕೇಳುವ ದನಿ ಮಾತ್ರ ಸಣ್ಣದಾಗುತ್ತಾ ಬಂದಿತ್ತು. ಈಗ ಅಲ್ಲಿಯವರೇ ಅವಳನ್ನು ಕಂಡ ಕೂಡಲೇ ಇಲ್ಲವೆಂದು ತಲೆಯಾಡಿಸಿಬಿಡುತ್ತಿದ್ದರು. ಅವಳು ಬಾಯಿ ತೆರೆಯುವ ಶ್ರಮವೂ ಉಳಿಯಿತು.

ಒಂದು ಚಳಿಗಾಲದಲ್ಲಿ ಹಸೆಬೆಗೆ ರೇಷ್ಮೆಹುಳು ಸಾಕುವ ಚಿತ್ರ ಬೇಕಾಯಿತು. ಹಡಗು ಹೊರಡುವುದರೊಳಗೆ ಕೊಡಬೇಕು. ಆ ಚಳಿಯಲ್ಲಿ ಹುಳುವೂ ಇಲ್ಲ, ಹಿಪ್ಪುನೇರಳೆ ಎಲೆಯೂ ಇಲ್ಲ. ಮೇಲಿನ ಸ್ಟುಡಿಯೋದಲ್ಲಿ ನಡೆದದ್ದನ್ನು ಗಿನ್ ಕೆಳಗೆ ಬಂದು ನಕ್ಕು ನಕ್ಕು ಹೇಳಿದಳು. ಅಕ್ಕಿಹಿಟ್ಟನ್ನು ಹೊಸೆದು ಹುಳು ಮಾಡಿದ್ದರು. ಯಾವುದೋ ಹೂಗಿಡದ ಎಲೆ ಕತ್ತರಿಸಿ ಹಾಸಿದ್ದರು. ಹುಳು ಸಾಕುವವಳಾಗಿ ಕೂರಲು ಚಹಾದಂಗಡಿಯ ಒಬ್ಬ ಹುಡುಗಿಯನ್ನು ಕರೆಸಿದ್ದರು. ಅವಳು ನೋಡನೋಡುತ್ತಾ ಹುಳುವೊಂದನ್ನು ಬಾಯಿಗೆ ಹಾಕಿಕೊಂಡಳಂತೆ.

"ಏಯ್, ಹುಳು ತಿಂತೀಯಲ್ಲೇ!" ಎಂದನಂತೆ ಹಸೆಬೆ.

"ಬೆಳಗ್ಗಿಂದ ಏನೂ ತಿಂದಿಲ್ಲ ಯಜಮಾನ್ರೇ. ಮೂಲೇದು ತಗೊಂಡೆ, ಸಾಲು ಕೆಡ್ಲಿಲ್ಲ."

ಅವಳಿಗೆ ತಟ್ಟೆ ಹಿಡಿಯಲೂ ಬರುತ್ತಿರಲಿಲ್ಲ, ಎಲೆ ಉದುರಿಸಲೂ ಬರುತ್ತಿರಲಿಲ್ಲ. ತೋರಿಸಿಕೊಡಲು ರಿಯೊಳನ್ನು ಕರೆದರು. ರಿಯೊ ತೋರಿಸಿದಳು. ಅವಳ ಕೈ ನೋಡಿ ಹಸೆಬೆ, "ನೀನೂ ಅವಳ ಹಿಂದೆ ಕೂತ್ಬಿಡಮ್ಮ, ಚೆನ್ನಾಗಿ ಬರುತ್ತೆ," ಅಂದ. ಅವಳು ಉಟ್ಟಿದ್ದ ಉಡುಪಿನಲ್ಲೇ ಕೂತಳು.

ಮಾರನೆಯ ದಿನ ಆ ಚಿತ್ರದ ಪ್ರತಿಗಳು ಕೆಳಗೆ ಬಂದವು. ಮೊದಲನೆಯದು ರಿಯೊಳ ಮುಂದೆ ಬಿತ್ತು. ಅವಳು ಕುಂಚ ಅದ್ದಿದಳು, ಬಾಗಿದಳು, ಹಾಗೇ ನಿಂತಳು. ಕುಂಚದ ತುದಿಯ ಹನಿ ನನ್ನ ಮೇಲೆ ಬಿತ್ತು.

"ಗಿನ್ ಅಕ್ಕ, ನನ್ನ ಕೊರಳಪಟ್ಟಿ ಯಾವ ಬಣ್ಣ?"

"ತಲೆ ಕೆಟ್ಟಿದೆಯೇನೇ? ಹಳದಿ. ದಿನಾ ನೋಡ್ತೀನಲ್ಲ."

"ಮತ್ತೆ ಇದು?"

ಗಿನ್ ಬಗ್ಗಿ ನೋಡಿದಳು. ಚಿತ್ರದಲ್ಲಿ ಕೂತ ರಿಯೊಳ ಕೊರಳ ಸುತ್ತ ಇದ್ದದ್ದು ಕಪ್ಪು ಪಟ್ಟಿ. ಇದ್ದಿಲಿನಂಥ ಕಪ್ಪು. ಅಷ್ಟರಲ್ಲಿ ಹಸೆಬೆ ಒಳಗೆ ಬಂದ.

"ಯಜಮಾನ್ರೇ, ಇದ್ಯಾಕೆ ಕಪ್ಪಾಗಿದೆ?"

"ಹಳದಿ ಅಲ್ವೇನಮ್ಮ ಅದು? ಹಳದಿ ಗಾಜಿಗೆ ಕಾಣಲ್ಲ, ಕಪ್ಪಾಗೇ ಬೀಳುತ್ತೆ. ನೀಲಿ ಆದ್ರೆ ಬೆಳ್ಳಗೆ ಬೀಳುತ್ತೆ. ಇಷ್ಟು ವರ್ಷದಿಂದ ಬಣ್ಣ ಹಚ್ತಾ ಇದೀಯ, ಗೊತ್ತಿಲ್ವಾ?"

ಅವನು ಕೆಟ್ಟವನಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದ, ಅಷ್ಟೆ.

ರಿಯೊ ನೀರಿನ ಬಟ್ಟಲನ್ನು ನಿಧಾನವಾಗಿ ಪಕ್ಕಕ್ಕಿಟ್ಟು ನನ್ನನ್ನು ಎತ್ತಿಕೊಂಡಳು. ಎರಡು ವರ್ಷದಲ್ಲಿ ಅವಳು ನನ್ನನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಬಟ್ಟಲಿನ ಗುಂಡನೆಯ ಕಲೆಯನ್ನು ತೋಳಿನಿಂದ ಒರೆಸಿದಳು. ಕಿಟಕಿಯ ಪಕ್ಕದ ಹುಡುಗಿಯನ್ನು ನೋಡಿದಳು. ಮುಖವಿಲ್ಲ. ಭುಜ ನೋಡಿದಳು. ಕೈ ನೋಡಿದಳು. ಆಮೇಲೆ ಹಳದಿ ಕಲಸಿ ಆ ಕಪ್ಪಿನ ಮೇಲೆ ಹಚ್ಚಿದಳು. ಬಣ್ಣ ಒಣಗಿತು, ಕಪ್ಪು ಕಪ್ಪಾಗಿಯೇ ಉಳಿಯಿತು. ಗಟ್ಟಿಯಾಗಿ ಕಲಸಿ ಮತ್ತೆ ಹಚ್ಚಿದಳು. ಚಿಪ್ಪಿನ ಬಿಳಿಪುಡಿ ಬೆರೆಸಿ ಹಚ್ಚಿದಳು. ಅದು ಹುಣ್ಣಿನ ಹಕ್ಕಳೆಯ ಹಾಗೆ ಎದ್ದು ನಿಂತು, ಒಣಗಿದ ಮೇಲೆ ಉದುರಿಹೋಯಿತು.

"ಸಾಕು ಬಿಡೇ," ಎಂದಳು ಗಿನ್. ಅವಳ ದನಿಯಲ್ಲಿ ನಗು ಇರಲಿಲ್ಲ.

"ನಾನು ಏನಂದೆ ಅಕ್ಕ ಅವತ್ತು? ತಾಯಿ ಇಲ್ದೋಳು ಅಂದೆ."

ಗಿನ್ ಅವಳ ಕೈಯಿಂದ ಕುಂಚ ತೆಗೆದಿಟ್ಟಳು.

ಕಾರ್ಖಾನೆಯ ಚಿತ್ರದ ಗಾಜನ್ನು ಊರೂರು ತಿರುಗುವ ಒಬ್ಬ ಫೋಟೊಗ್ರಾಫರನಿಂದ ಕೊಂಡದ್ದು ಎಂದು ಹಸೆಬೆ ಹೇಳಿದ. ಸುವಾ ಸರೋವರದ ದಡ, ದೊಡ್ಡ ನೀರುಚಕ್ರವಿರುವ ಕಾರ್ಖಾನೆ. ತೆಗೆದು ಮೂರು ನಾಲ್ಕು ವರ್ಷವಾಗಿರಬೇಕು. ಅಷ್ಟು ಸಾಕಾಯಿತು ರಿಯೊಳಿಗೆ. ಗಿನ್ ಅನ್ನದ ಉಂಡೆ ಕಟ್ಟಿಕೊಟ್ಟಳು.

"ಹೋಗು. ನಿನ್ನ ಬಟ್ಟೆಗಳಿಗೂ ನಾನೇ ಹಚ್ತೀನಿ. ಸೊಟ್ಟ ಹಚ್ಚಿ ಬೈಸ್ಕೋತೀನಿ, ಅಷ್ಟೇ ತಾನೆ."

ನಾನು ರಿಯೊಳ ಉಡುಪಿನ ಎದೆಯ ಮಡಿಕೆಯಲ್ಲಿ ಹೊರಟೆ. ಅಲ್ಲಿ ಏನೂ ಕಾಣುವುದಿಲ್ಲ. ಅವಳ ಎದೆಯ ಏರಿಳಿತ ಜೋರಾದಲ್ಲಿ ದಾರಿ ಬೆಟ್ಟ ಏರುತ್ತಿದೆ ಎಂದು, ನಿಧಾನವಾದಲ್ಲಿ ಇಳಿಯುತ್ತಿದೆ ಎಂದು ತಿಳಿಯುತ್ತಿತ್ತು. ಅವಳು ನಡೆಯುತ್ತಾ ಮಾತಾಡುತ್ತಿದ್ದಳು. ನನ್ನ ಜೊತೆಗಲ್ಲ.

"ಬೈಯಲ್ಲ ಕಣೇ. 'ಯಾಕೆ ಹೇಳ್ದೆ ಕೇಳ್ದೆ ಹೋದೆ' ಅಂತ ಕೇಳೋದೂ ಇಲ್ಲ. ನಿನ್ನ ಉದ್ದ ಈಗ ಎಷ್ಟಾಗಿದೆಯೋ. ಕಿಮೊನೊ ಗಿಡ್ಡ ಆಗಿರುತ್ತೆ. ಅಂಚು ಒಳಗೆ ಮಡಿಚಿ ಹೊಲಿದಿದೀನಿ, ಬಿಚ್ಚಿದ್ರೆ ಬರುತ್ತೆ."

ಅವಳ ಸ್ವಂತ ಊರು ಆ ದಾರಿಯ ಮಗ್ಗುಲಲ್ಲೇ ಇತ್ತು. ಅವಳು ಅತ್ತ ತಿರುಗಲಿಲ್ಲ. ಬರುವಾಗ ಇಬ್ಬರೂ ಹೋಗೋಣ ಎಂದುಕೊಂಡಿದ್ದಳು.

ಕಾರ್ಖಾನೆಯ ಬಾಗಿಲಲ್ಲಿ ಕಾವಲುಗಾರ ತಡೆದ.

"ಯಾವ ಕಾರ್ಖಾನೆಯೋರು ಕಳ್ಸಿದ್ದು ನಿನ್ನ? ಹುಡುಗೀರಿಗೆ ಆಸೆ ತೋರ್ಸಿ ಕರ್ಕೊಂಡು ಹೋಗೋಕೆ ಈಗ ಹೆಂಗಸ್ರನ್ನೂ ಬಿಟ್ಟಿದಾರಾ?"

ರಿಯೊ ನನ್ನನ್ನು ತೆಗೆದು ಅವನ ಮುಂದೆ ಹಿಡಿದಳು. ಮಧ್ಯಾಹ್ನದ ಊಟದ ಹೊತ್ತು. ಬಾವಿಯ ಹತ್ತಿರ ಕೈ ತೊಳೆಯುತ್ತಿದ್ದ ಹುಡುಗಿಯರು ಏನೋ ವಿಚಿತ್ರ ಬಂದಿದೆ ಎಂದು ಓಡಿಬಂದರು. ಬಿಸಿನೀರಿನಲ್ಲಿ ಬೆಂದು ಬೆಳ್ಳಗೆ ಸುಕ್ಕಾದ ಬೆರಳುಗಳು ನನ್ನ ಅಂಚು ಹಿಡಿದವು.

"ಅಯ್ಯೋ, ಇದು ನಾನು!" ಎಂದು ಒಬ್ಬಳು ಕೂಗಿದಳು. ಅವಳ ಹೆಸರು ತೊಕು. ನನ್ನ ಮುಂದಿನ ಸಾಲಿನಲ್ಲಿ ನಗುತ್ತಿದ್ದವಳು. ಈಗ ಮುಖ ಇಳಿದು, ಎಲುಬು ಕಾಣುವಷ್ಟಾಗಿದ್ದಳು. ನನ್ನ ಮೇಲೆ ಅವಳ ಎದೆಯ ಹತ್ತಿರ ರಿಯೊ ಒರೆಸಿದ ಗುಲಾಬಿಯ ಕಲೆಯೊಂದು ಬಿದ್ದಿತ್ತು. "ನೋಡ್ರೇ, ಗುಲಾಬಿ ಕಿಮೊನೊ! ನಾನ್ಯಾವತ್ತು ಉಟ್ಟಿದ್ದೆ ಇದನ್ನ?"

"ನಿನ್ನ ಮದುವೇಲಿ ಉಟ್ಟಿರ್ತೀಯ, ಮರೆತಿದೀಯ."

"ಗಂಡನ್ನೂ ಮರೆತಿದೀನಿ ಹಂಗಾದ್ರೆ! ಅಲ್ಲಮ್ಮಾ, ನಾವೆಲ್ಲ ನೀಲಿ ಉಟ್ಟಿದ್ವಿ ಅವತ್ತು. ಒಬ್ಬಳು ಮಾತ್ರ..."

 ಅವಳ ಕಣ್ಣು ನನ್ನಿಂದ ಎದ್ದು ರಿಯೊಳ ಕೊರಳಿನ ಹಳದಿ ಪಟ್ಟಿಯ ಮೇಲೆ ನಿಂತಿತು.

"ನೀವು ಮಿತ್ಸು ಅಮ್ಮನಾ?"

ರಿಯೊ ಹೌದೆಂದು ತಲೆಯಾಡಿಸಿದಳು. ತೊಕು ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಜೊತೆಯ ಹುಡುಗಿಯರು ಒಬ್ಬೊಬ್ಬರಾಗಿ ಹಿಂದೆ ಸರಿದರು.

"ಬನ್ನಿ ಅಮ್ಮಾ, ಆ ಕಡೆ ಕೂತ್ಕೊಳೋಣ."

"ನಿಂತಲ್ಲೇ ಹೇಳವ್ವ."

"ಅವಳು ನನ್ನ ಪಕ್ಕದ ಹಾಸಿಗೆಯೋಳು. ಆ ಚಿತ್ರ ತೆಗೆದಾಗ್ಲೇ ಕೆಮ್ಮಿತ್ತು. ಎಲ್ರೂ ಇರೋದ್ರಲ್ಲಿ ಒಳ್ಳೇದು ಉಟ್ಕೊಂಡು ಬನ್ನಿ ಅಂದಿದ್ರು. ಅವಳು ಹಳದಿ ಉಟ್ಟಳು. ಹಿಂದಿನ ದಿನಾನೇ ತೆಗೆದು ಮಡಿಚಿ ದಿಂಬಿನ ಅಡಿಗಿಟ್ಟಿದ್ಲು. ಈ ಚಿತ್ರ ಯೊಕೊಹಾಮಾಕ್ಕೆ ಹೋಗುತ್ತಂತೆ, ಅಲ್ಲಿಂದ ಲೋಕಕ್ಕೆಲ್ಲ ಹೋಗುತ್ತಂತೆ, ನಮ್ಮಮ್ಮ ಎಲ್ಲಾದ್ರೂ ಒಂದ್ಸಲ ನೋಡಿದ್ರೆ ಈ ಬಣ್ಣ ನೋಡಿ ಗುರುತು ಹಿಡಿದುಬಿಡ್ತಾಳೆ ಅಂದ್ಲು."

ರಿಯೊ ನನ್ನನ್ನು ಮತ್ತೆ ತನ್ನ ಕೈಗೆ ತೆಗೆದುಕೊಂಡಿದ್ದಳು. ನಾನು ಅವಳ ಬೆರಳುಗಳ ನಡುವೆ ಇದ್ದೆ. ಬೆರಳು ನಡುಗಲಿಲ್ಲ. ಅವು ನಡುಗಲು ಕಲಿತ ಬೆರಳುಗಳೇ ಅಲ್ಲ.

"ಅಲುಗಬೇಡಿ ಅಂದಾಗ ತುಂಬ ತಡ್ಕೊಂಡ್ಲು ಅಮ್ಮಾ. ಕೊನೆಗೆ ಕೆಮ್ಮು ಬಂದೇಬಿಡ್ತು. ಆಮೇಲೆ ಅವಳೇ ಹೋಗಿ ಫೋಟೊದೋರನ್ನ ಕೇಳಿದ್ಲು, ಇನ್ನೊಂದು ತೆಗೀರಿ ಅಂತ. ಗಾಜು ಮುಗೀತು ಅಂದ್ರು. ಆ ಚಳಿಗಾಲ ದಾಟಲಿಲ್ಲ ಅವಳು."

"ಊರಿಗೆ ಯಾಕೆ ಹೇಳಿಕಳಿಸ್ಲಿಲ್ಲ?"

"ಕಳಿಸಿದ್ರು. ಹೋದೋನು ವಾಪಸ್ ಬಂದು, ಮನೆ ಖಾಲಿ, ತಾಯಿ ಮಗಳನ್ನ ಹುಡುಕ್ಕೊಂಡು ಯೊಕೊಹಾಮಾಕ್ಕೆ ಹೋಗಿದಾಳಂತೆ, ಅಷ್ಟು ದೊಡ್ಡ ಊರಲ್ಲಿ ಎಲ್ಲಿ ಅಂತ ಹುಡುಕೋದು ಅಂದ."

ಒಳಗೆ ಗಂಟೆ ಹೊಡೆಯಿತು. ಹುಡುಗಿಯರು ಓಡಿದರು. ತೊಕು ಓಡಲಿಲ್ಲ.

"ಆ ಕಿಮೊನೊ?" ಎಂದು ರಿಯೊ ಕೇಳಿದಳು.

"ಅದನ್ನೇ ಉಡಿಸಿ ಕಳಿಸಿದ್ವಿ ಅಮ್ಮಾ."

"ಗಿಡ್ಡ ಆಗಿತ್ತಾ?"

ತೊಕು ಆಗ ಅತ್ತಳು. "ಸ್ವಲ್ಪ," ಎಂದಳು.

ಗುಡ್ಡದ ದೇವಸ್ಥಾನದ ಹಿಂದೆ, ಕೇಳುವವರು ಬಾರದ ಹುಡುಗಿಯರಿಗೆಲ್ಲ ಸೇರಿ ಒಂದೇ ಕಲ್ಲು ನೆಟ್ಟಿದ್ದರು. ಕಲ್ಲಿನ ಮೇಲೆ ಯಾರ ಹೆಸರೂ ಇರಲಿಲ್ಲ. ಮಿತ್ಸು ಯಾವ ಕಡೆ ಮಲಗಿದ್ದಾಳೆಂದು ರಿಯೊ ಕೇಳಿದಳು. ಗುಡಿಸುತ್ತಿದ್ದ ಮುದುಕನಿಗೆ ಗೊತ್ತಿರಲಿಲ್ಲ. ಅವಳು ಕಲ್ಲಿನ ಸುತ್ತ ಒಂದು ಸುತ್ತು ನಡೆದಳು. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಇನ್ನೊಂದು ಸುತ್ತು ನಡೆದಳು. ಕತ್ತಲಾಗುವ ಮುಂಚೆ ಕಣಿವೆಯ ದಾರಿ ಹಿಡಿದಳು. ವಾಪಸು ಬರುವಾಗ ಅವಳು ಮಾತಾಡಲಿಲ್ಲ.

ಒಂದು ಮಾತು ನನ್ನ ಮನಸ್ಸಿಗೆ ಆಗಾಗ ಬರುತ್ತದೆ. ನಾನು ಅಚ್ಚಾಗುವ ಹೊತ್ತಿಗೇ ಮಿತ್ಸು ಇರಲಿಲ್ಲ. ರಿಯೊ ಭೂತಗನ್ನಡಿ ಹಿಡಿದು ಹುಡುಕಿದ ದಿನವೂ ಇರಲಿಲ್ಲ. ಅಂದೇ ಗುರುತು ಹಿಡಿದಿದ್ದರೂ ಅವಳಿಗೆ ಸಿಗುತ್ತಿದ್ದದ್ದು ಅದೇ ಕಲ್ಲು. ಇದನ್ನು ಸಮಾಧಾನದ ಮಾತು ಎಂದು ಗಿನ್ ಒಮ್ಮೆ ಹೇಳಿ ನೋಡಿದಳು. ರಿಯೊ ಅವಳ ಮುಖವನ್ನೇ ನೋಡಿದಳು. ಗಿನ್ ಮತ್ತೆ ಹೇಳಲಿಲ್ಲ.

ರಿಯೊ ಅದೇ ಮೇಜಿಗೆ ಬಂದು ಕೂತಳು. ಹೋಗಲು ಇನ್ನೆಲ್ಲಿತ್ತು? ಹಸೆಬೆ ಒಂದು ಮಾತೂ ಕೇಳದೆ ಹಾಳೆಗಳ ಕಟ್ಟು ತಂದಿಟ್ಟ. ಸ್ವಲ್ಪ ದಿನಕ್ಕೆ ಕಾರ್ಖಾನೆಯ ಚಿತ್ರಕ್ಕೆ ಮತ್ತೆ ಬೇಡಿಕೆ ಬಂತು. ಒಂದು ಪ್ರತಿಯಲ್ಲಿ ರಿಯೊ ಎಲ್ಲರಿಗೂ ನೀಲಿ ಹಚ್ಚಿದಳು, ಇದ್ದದ್ದು ಇದ್ದ ಹಾಗೆ. "ಎಲ್ಲಾ ನೀಲಿ ಮಾಡಿದ್ರೆ ಯಾರಮ್ಮ ಕೊಳ್ತಾರೆ?" ಎಂದು ಹಸೆಬೆ ಅದನ್ನು ತೆಗೆದಿಟ್ಟ. ಅವಳು ಮತ್ತೆ ಮುಂದಿನ ಸಾಲಿಗೆ ಗುಲಾಬಿ, ನಡುವೆ ಆಕಾಶನೀಲಿ, ಹಿಂದೆ ತಿಳಿನೇರಳೆ ಹಚ್ಚತೊಡಗಿದಳು. ಕಿಟಕಿಯ ಹತ್ತಿರ ಬಂದಾಗ ಮಾತ್ರ ಕುಂಚ ತೊಳೆದು, ಹಳದಿಗೆ ಅದ್ದಿ, ಕಪ್ಪಿನ ಮೇಲೆ ಕೊರಳಿನಿಂದ ಪಾದದವರೆಗೆ ಎಳೆಯುತ್ತಿದ್ದಳು. ಒಣಗಿದ ಮೇಲೆ ಅಲ್ಲಿ ಏನೂ ಉಳಿಯುತ್ತಿರಲಿಲ್ಲ.

"ಕಾಣದ ಬಣ್ಣ ಯಾಕೇ ಹಚ್ತೀಯ?" ಎಂದಳು ಗಿನ್.

"ಉಟ್ಕೊಂಡಿರ್ಲಿ ಅಕ್ಕ."

ಹಾಗೆ ಎಷ್ಟು ಪ್ರತಿಗಳು ಸಮುದ್ರ ದಾಟಿದವೋ. ಕೊಂಡವರಲ್ಲಿ ಯಾರೂ ಅದನ್ನು ಕಂಡಿರಲಾರರು.

ಆಮೇಲೆ ಬಣ್ಣದ ಪೋಸ್ಟ್‌ಕಾರ್ಡುಗಳನ್ನು ಯಂತ್ರವೇ ಅಚ್ಚು ಹಾಕತೊಡಗಿತು. ಕೈಯಲ್ಲಿ ಬಣ್ಣ ಹಚ್ಚಿದ್ದನ್ನು ಕೇಳುವವರು ಕಡಿಮೆಯಾದರು. ಆಕಾಶದವಳು ಹೋದಳು, ಎಲೆಯವಳು ಹೋದಳು. ಗಿನ್ ಒಂದು ದಿನ ಊಟ ಮಾಡುತ್ತಾ ಕೂತಲ್ಲೇ ಒರಗಿದಳು. ಹಸೆಬೆಯ ಅಂಗಡಿ ಬೇರೆಯವರ ಪಾಲಾಯಿತು. ನನ್ನ ತಾಯಿ ಗಾಜನ್ನು ಕೆರೆದು ತೊಳೆದು ಯಾರದೋ ಕಿಟಕಿಗೆ ಹಾಕಿದರೆಂದು ಕೇಳಿದೆ. ರಿಯೊ ನನ್ನನ್ನು ಎತ್ತಿಕೊಂಡು ಬಾಡಿಗೆ ಕೋಣೆಗೆ ಬಂದಳು. ಕಣ್ಣು ಮಂಜಾದ ಮೇಲೆ ಅವಳು ನನ್ನನ್ನು ನೋಡುತ್ತಿರಲಿಲ್ಲ, ಮೇಲೆ ಬೆರಳಾಡಿಸುತ್ತಿದ್ದಳು. ಕಿಟಕಿಯ ಪಕ್ಕದ ಜಾಗ ಅವಳಿಗೆ ಬೆರಳಿಗೇ ಸಿಗುತ್ತಿತ್ತು. ಹಕ್ಕಳೆ ಉದುರಿದ ಕಡೆ ಕಾಗದ ಒರಟಾಗಿತ್ತು. ಒಂದು ದಿನ ಬೆರಳು ಬರಲಿಲ್ಲ.

ಮನೆಯೊಡತಿ ಕೋಣೆ ತೆರವು ಮಾಡುವಾಗ ನನ್ನನ್ನು ಹಳೆಯ ಕಾಗದಗಳ ಜೊತೆ ಕಟ್ಟಿ, ಜಾರುಬಾಗಿಲು ಮಾಡುವವನಿಗೆ ಕೊಟ್ಟಳು. ಆ ನಾಡಿನಲ್ಲಿ ಕೋಣೆಯ ಬಾಗಿಲನ್ನು ಮರದ ಚೌಕಟ್ಟಿಗೆ ಕಾಗದದ ಮೇಲೆ ಕಾಗದ ಅಂಟಿಸಿ ಮಾಡುತ್ತಾರೆ. ಹೊರಗೆ ಚಂದದ ಕಾಗದ, ಒಳಗೆ ನನ್ನಂಥವು. ಅವನು ನನ್ನ ಬೆನ್ನಿಗೆ ಗಂಜಿಯ ಅಂಟು ಬಳಿದು ಒತ್ತಿದ. ಮುಖದ ಮೇಲೂ ಒಂದು ಹಾಳೆ ಬಿತ್ತು. ಅಲ್ಲಿಂದ ಈಚೆಗೆ ಕತ್ತಲು.

ಇದು ಯಾರ ಮನೆಯೋ ನನಗೆ ತಿಳಿಯದು. ಬಾಗಿಲು ಜಾರಿದಾಗ ನಾನೂ ಜಾರುತ್ತೇನೆ, ಮುಚ್ಚಿದಾಗ ನಿಲ್ಲುತ್ತೇನೆ. ಮಕ್ಕಳು ಓಡುವ ಸದ್ದು, ತಾಯಿ ಊಟಕ್ಕೆ ಕೂಗುವ ಸದ್ದು, ಒಮ್ಮೊಮ್ಮೆ ಯಾರದೋ ಬೈಗುಳ. ಚಿತ್ರ ತೆಗೆದರೆ ಮನುಷ್ಯ ಉಳಿಯುತ್ತಾನೆ ಎಂದು ಹೇಳುವುದನ್ನು ಅಂಗಡಿಯಲ್ಲಿ ಬೇಕಾದಷ್ಟು ಸಲ ಕೇಳಿದ್ದೇನೆ. ಹಸೆಬೆ ಅದನ್ನು ಬಾಗಿಲ ಮೇಲೆ ಬರೆಸಿಯೂ ಇದ್ದ. ಉಳಿಸಿಕೊಳ್ಳಲು ಬಂದವರು ಇಬ್ಬರಿದ್ದರು. ಒಬ್ಬಳು ಗುರುತು ಸಿಗಲಿ ಎಂದು ಉಟ್ಟು ನಿಂತಳು, ಇನ್ನೊಬ್ಬಳು ಗುರುತು ಹಿಡಿಯಲು ಕೂತಳು. ಇಬ್ಬರ ನಡುವೆ ಇದ್ದದ್ದು ನಾನೊಬ್ಬನೇ. ನನ್ನಿಂದ ಏನೂ ಆಗಲಿಲ್ಲ.

ಗಂಜಿಯ ಅಂಟಿನ ರುಚಿಗೆ ಕಾಗದ ತಿನ್ನುವ ಬಿಳಿ ಹುಳುಗಳು ಬಂದಿವೆ. ಮೆಲ್ಲಗೆ ತಿನ್ನುತ್ತವೆ, ನೋವೇನೂ ಇಲ್ಲ. ಮುಂದಿನ ಸಾಲು ಪೂರ್ತಿ ಮುಗಿದಿದೆ. ಈಗ ನಡುವಿನ ಸಾಲಿನಲ್ಲಿವೆ.